ಭಂಡಾರ ಹಣಿಗಿ, ಸಾಬಾಣ ಗಾಯಕ್ಕ

ವಾಗದರಿಯಲ್ಲಿ ಈಗ ಕುರಿಗಿಂತ ಫೋನೇ ಹೆಚ್ಚು ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಬೆಳಕು ಹರಿಯುವ ಮೊದಲೇ ಹೂವು, ದೇವರು, ಶುಭೋದಯ ಎಲ್ಲ ಬಂದು ಬೀಳುತ್ತವೆ. ಬೀಗರ ಮನೆಯ ಹೊಸ ಮೋಟರ್ ಸೈಕಲ್ಲು, ಯಾವುದೋ ಊರಿನ ಕುಸ್ತಿ, ಯಾರದೋ ಮಗುವಿನ ಹುಟ್ಟುಹಬ್ಬ, ಎಲ್ಲವನ್ನೂ ಜನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಆರೋಗ್ಯದ ಸುದ್ದಿ ಬಂತೋ, ಹೆಬ್ಬೆರಳು ತಾನಾಗಿಯೇ ಅದನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಇದಕ್ಕೆ ಜನರನ್ನು ಬೈದು ಉಪಯೋಗವಿಲ್ಲ. ಎಷ್ಟೋ ಸಲ ಆ ಸುದ್ದಿ ಮಾಡುವವರು ಜನ ನೋಡಲಿ ಅಂತ ಮಾಡಿರುವುದೇ ಇಲ್ಲ, ಮೇಲಿನವರಿಗೆ ತೋರಿಸಲು ಆಗಲಿ ಅಂತ ಮಾಡಿರುತ್ತಾರೆ.

ಸೋಲಾಪುರದ ಸಾರಿಕಾ ಹಾಗೆ ಮಾಡುವವಳಲ್ಲ. ಅವಳಿಗೆ ನಿಜವಾಗಿಯೂ ಕಾಳಜಿ ಇತ್ತು. ವಾಗದರಿಯಂಥ, ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ ತಾಲೂಕಿನ ಕನ್ನಡ ಮಾತಾಡುವ ಹಳ್ಳಿಗಳಿಗೆ ಫೋನಿನಲ್ಲಿ ಆರೋಗ್ಯದ ಮಾಹಿತಿ ಮುಟ್ಟಿಸುವ ಕೆಲಸ ಅವಳದು. ತಂದೆ ಸಿದ್ದರಾಮಪ್ಪನವರದು ಸೋಲಾಪುರದ ಪೇಟೆಯಲ್ಲಿ ಚಾದರ ಮತ್ತು ಸೀರೆಯ ಅಂಗಡಿ. ಆ ಅಂಗಡಿಯ ಚಾದರಗಳನ್ನು ಮಗಳು ರೀಲ್ಸ್ ಮಾಡಿ ಪುಣೆ, ಮುಂಬೈಗೆ ಮಾರಿಸಿದ್ದಳು. ಚಾದರ ಮಾರಿದವಳಿಗೆ ಒಳ್ಳೆಯ ಮಾತು ಮಾರುವುದು ಎಷ್ಟರದು ಅಂದುಕೊಂಡು ಕೆಲಸಕ್ಕೆ ಸೇರಿದ್ದಳು.

ವಾಗದರಿಯಲ್ಲಿ ಅವಳಿಗೆ ಜೊತೆಯಾದವಳು ಆಶಾ ಕಾರ್ಯಕರ್ತೆ ಛಾಯಾ. ಛಾಯಾ ಕುರಿಗಾರರ ಮನೆಯ ಸೊಸೆ. ಮಾವ ಅಣ್ಣಾರಾಯ, ಅತ್ತೆ ಸೋಮವ್ವ, ಗಂಡ ಸೋಮು. ಕುರಿಗಾರರು ವರ್ಷದಲ್ಲಿ ಬಹಳ ದಿನ ಊರಲ್ಲಿ ಇರುವುದಿಲ್ಲ, ಹುಲ್ಲು ಇದ್ದಲ್ಲಿ ಹಟ್ಟಿ ಹಾಕುತ್ತಾರೆ. ಅವರನ್ನು ಮನೆ ಬಾಗಿಲಿಗೆ ಹೋಗಿ ಹಿಡಿಯುವುದು ಆಗದ ಮಾತು. ಅದಕ್ಕೇ ಛಾಯಾ ಮಾವನಿಗೆ ದುಂಬಾಲು ಬಿದ್ದು, ಅವನ ಮಾತಿನ ಮೇಲೆ ಒಬ್ಬೊಬ್ಬರನ್ನಾಗಿ ಎಲ್ಲ ಕುರಿಗಾರರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಳು. ಅಣ್ಣಾರಾಯ ಹೂಂ ಅಂದರೆ ಉಳಿದವರೂ ಹೂಂ ಅನ್ನುವ ಮಂದಿ ಅವರು.

ಸಾರಿಕಾ ಗ್ರೂಪಿಗೆ ಸುರಿಯತೊಡಗಿದಳು. ಸಣ್ಣ ಅಕ್ಷರ ತುಂಬಿದ ಮರಾಠಿ ಪೋಸ್ಟರು, ಗದ್ದಲದ ಸಂಗೀತದ ರೀಲ್ಸ್, ಕೆಳಗೆ ಸಾಲಾಗಿ ಸಂಸ್ಥೆಗಳ ಗುರುತು. ಪುಣೆಯ ಗೆಳತಿಯರು ಲೈಕ್ ಮೇಲೆ ಲೈಕ್ ಒತ್ತಿದರು. ವಾಗದರಿಯಿಂದ ಚಕಾರವಿಲ್ಲ. ಇರಲಿ, ನೋಡುತ್ತಿದ್ದಾರೆ, ನಾಚಿಕೆಯ ಮಂದಿ ಅಂತ ಅವಳು ಸಮಾಧಾನ ಮಾಡಿಕೊಂಡಳು.

ಒಂದು ದಿನ ಛಾಯಾ ಫೋನಿನಲ್ಲಿ ಹೇಳಿದಳು: "ಮೇಡಮ್, ನಮ್ಮ ಮಂದಿಗಿ ನಾಯಿ ಕಡದ್ರ ಗಾಯಕ್ಕ ಬೀರೋಬಾನ ಭಂಡಾರ ಹಚ್ಚಿ ಸುಮ್ಮ ಕುಂಡ್ರತಾರ್ರಿ. ಸೂಜಿ ಮಾಡಸ್ಕೊಳ್ಳೂದಿಲ್ಲ. ಇದರ ಬಗ್ಗೆ ಏನರೆ ಹಾಕ್ರಿ."

ಭಂಡಾರ ಅಂದರೆ ದೇವರ ಅರಿಶಿಣ. ಬೀರೋಬಾ, ಮೈಲಾರಲಿಂಗನ ಗುಡಿಯಲ್ಲಿ ಮುಗಿಲಿಗೆ ಹಾರಿಸುವುದೂ ಅದೇ, ಹಣೆಗೆ ಹಚ್ಚಿಕೊಳ್ಳುವುದೂ ಅದೇ, ಊರು ಬಿಡುವಾಗ ಗಂಟಿನಲ್ಲಿ ಕಟ್ಟಿಕೊಳ್ಳುವುದೂ ಅದೇ.

ಸಾರಿಕಾ ಅವತ್ತೇ ಕೂತು ಒಂದು ಚಿತ್ರ ಮಾಡಿದಳು. ಕಾಲಿನ ಗಾಯ, ಗಾಯದ ಮೇಲೆ ಹಳದಿ ಭಂಡಾರ, ಭಂಡಾರದ ಮೇಲೆ ಅಡ್ಡಡ್ಡ ಎಳೆದ ಕೆಂಪು ಕಾಟು. ಪಕ್ಕದಲ್ಲಿ ಹಲ್ಲು ಕಿರಿದ, ಜೊಲ್ಲು ಸುರಿಸುವ ನಾಯಿ. ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರ: ಮೂಢನಂಬಿಕೆ ಬಿಡಿ. ಚಿತ್ರ ಬಹಳ ಚೆನ್ನಾಗಿ ಬಂದಿದೆ ಅಂತ ಅವಳಿಗೇ ಅನಿಸಿ, ಎರಡು ಸಲ ನೋಡಿ ಕಳಿಸಿದಳು.

ಅಕ್ಷರ ಬಾರದವರಿಗೂ ಆ ಕೆಂಪು ಕಾಟು ಅರ್ಥವಾಯಿತು. ಅಣ್ಣಾರಾಯ ಗ್ರೂಪ್ ಬಿಟ್ಟ. ಅವನ ಹಿಂದೆ ಒಬ್ಬೊಬ್ಬರೇ ಬಿಟ್ಟರು. ಸಂಜೆಯ ಹೊತ್ತಿಗೆ ಗ್ರೂಪಿನಲ್ಲಿ ಸಾರಿಕಾ ಮತ್ತು ಛಾಯಾ, ಇಬ್ಬರೇ ಮುಖ ಮುಖ ನೋಡುತ್ತ ಉಳಿದರು.

ಇಷ್ಟರಲ್ಲೇ ಮುಗಿದಿದ್ದರೆ ಇದು ನಕ್ಕು ಮರೆಯುವ ಕಥೆಯಾಗುತ್ತಿತ್ತು. ಆದರೆ ಅದೇ ವಾರ ಸೋಮವ್ವ ಮತ್ತು ಛಾಯಾ, ಅತ್ತೆ ಸೊಸೆ ಇಬ್ಬರೂ ಬುತ್ತಿಗಂಟು ಹಿಡಿದು ಸೋಲಾಪುರದ ಅಂಗಡಿಗೆ ಬಂದು ನಿಂತರು. ಛಾಯಾಳ ಕಣ್ಣು ಅತ್ತು ಅತ್ತು ಊದಿದ್ದವು.

"ಏನಾತ ಛಾಯಕ್ಕಾ?" ಸಾರಿಕಾ ಗಾಬರಿಯಿಂದ ಎದ್ದಳು.

"ನಮ್ಮವರಿಗಿ ಹಟ್ಟಿ ನಾಯಿ ಕಡದದ್ರಿ. ಬೋರಾಮಣಿ ಮಾಳಿನ್ಯಾಗ ಕುರಿ ಅದಾವಲ್ರಿ, ಅಲ್ಲೇ. ನಿನ್ನಿ ಸಂಜಿಕಿ ಫೋನ್ ಮಾಡಿ ಹಗೂರಕ ಹೇಳ್ಯಾರ, ಕಾಳ್ಯಾ ಜರಾ ಹಲ್ಲ ಹಚ್ಯಾನ ಅಂತ. ಆ ನಾಯಿ ಅನ್ನ ನೀರ ಬಿಟ್ಟು ಎಲ್ಲಿಗ್ಯೋ ಹೋಗೇದಂತ. ದವಾಖಾನಿಗಿ ಹೋಗ್ರಿ ಅಂತ ಬಡ್ಕೊಂಡ್ನಿ. ನಮ್ಮ ಮಾವ ಅವರ ಕೈಯಾಗಿನ ಫೋನ್ ಕಸ್ಕೊಂಡು, 'ಭಂಡಾರದ ಮ್ಯಾಲ ಕಾಟ ಹೊಡದ ಆ ಹೆಣಮಗಳ ಮಾತ ಕೇಳೂದಿಲ್ಲ' ಅಂತ ಕಟ್ ಮಾಡ್ಯಾರ್ರಿ."

ಹುಚ್ಚುನಾಯಿ ರೋಗ ಒಮ್ಮೆ ಲಕ್ಷಣ ತೋರಿಸಿತೆಂದರೆ ಆಮೇಲೆ ಬದುಕಿಸುವ ಔಷಧವಿಲ್ಲ ಅನ್ನುವುದು ಸಾರಿಕಾಳಿಗೆ ಗೊತ್ತು. ಅದಕ್ಕೆ ಮೊದಲು ಸೂಜಿ ಸಿಕ್ಕರೆ ಮನುಷ್ಯ ಉಳಿಯುತ್ತಾನೆ ಅನ್ನುವುದೂ ಗೊತ್ತು. ಈ ಎರಡರ ನಡುವೆ ತನ್ನದೇ ಪೋಸ್ಟರು ಗೋಡೆ ಹಾಗೆ ಎದ್ದಿತ್ತು.

ಸೋಮವ್ವ ಮಾತ್ರ ಸೊಸೆಯ ಬೆನ್ನು ಸವರುತ್ತ ಅಂದಳು: "ಇಷ್ಟ ಯಾಕ ಅಂಜ್ತಿ? ಮನಿ ನಾಯಿ ಅದು. ಮೈಲಾರಲಿಂಗನ ನಾಯಿ. ಅದು ಕಡದ್ರ ಏನ ಆಗ್ತದ? ನಾ ಬಂದದ್ದು ನಿನ್ನ ಸಮಾಧಾನಕ್ಕ. ಮತ್ತ ಆ ಸೂಜಿ ಅಂದ್ರ ಹೊಟ್ಟ್ಯಾಗ ಹದಿನಾಲ್ಕ ಚುಚ್ತಾರ. ನನ್ನ ಮಗ ಅದಕ್ಕೇ ಅರ್ಧ ಆಗ್ತಾನ."

"ಅದು ಹಳೀ ಕಾಲದ ಮಾತ್ರಿ ಕಾಕು," ಅಂದಳು ಸಾರಿಕಾ. "ಈಗ ಹೊಟ್ಟಿಗಿ ಹಾಕೂದಿಲ್ಲ. ತೋಳಿಗಿ ಹಾಕ್ತಾರ. ಕೆಲವೇ ಸೂಜಿ, ಡಾಕ್ಟರ್ ಹೇಳಿದ ದಿನ ಹೋಗ್ಬೇಕು ಅಷ್ಟ. ಸರಕಾರಿ ದವಾಖಾನ್ಯಾಗ ಪುಗಸಟ್ಟೆ."

"ನೀ ಹೇಳ್ತಿ. ನಮ್ಮ ಮನಿಯವರ ಕೇಳಬೇಕಲ್ಲ," ಅಂದಳು ಸೋಮವ್ವ.

ಗಾದಿಯ ಮೇಲೆ ಕೂತು ಎಲ್ಲ ಕೇಳುತ್ತಿದ್ದ ಸಿದ್ದರಾಮಪ್ಪನವರು ಮಗಳನ್ನು ಹತ್ತಿರ ಕರೆದರು. ಅವರ ಹಣೆಯ ಮೇಲೆ ಮುಂಜಾನೆಯ ವಿಭೂತಿ ಹಾಗೇ ಇತ್ತು.

"ಸಾರಿಕಾ, ಈ ವಿಭೂತಿ ಮ್ಯಾಲ ಯಾರರೆ ಕೆಂಪ ಕಾಟ ಹೊಡದು ಊರ ತುಂಬ ಹಂಚಿದ್ರ ನಿನಗ ಹ್ಯಾಂಗ ಆಗ್ತಿತ್ತು?"

ಸಾರಿಕಾ ತಲೆ ತಗ್ಗಿಸಿದಳು. ಅವಳಿಗೆ ಅಳು ಬಂತು.

"ಅಳಬ್ಯಾಡ, ಹೊತ್ತಿಲ್ಲ. ಒಂದ ಮಾತ ಕೇಳು. ಗಿರಾಕಿ ಮೆಟ್ಟಲಾ ಏರಿದ ಕೂಡ್ಲೆ ನಾ ಬಟ್ಟಿ ಥಾನ ಬಿಚ್ಚಿ ಮಾರಿ ಮ್ಯಾಲ ಒಗೀತೀನೇನು? ಕುಂಡ್ರಸ್ತೀನಿ, ನೀರ ಕೊಡ್ತೀನಿ, ಯಾರಿಗಿ ಬೇಕು, ಎದಕ್ಕ ಬೇಕು ಅಂತ ಕೇಳ್ತೀನಿ. ಆಮ್ಯಾಲ ಬಿಚ್ಚೂದು. ನೀ ಕೇಳೂದ್ಕಿಂತ ಮೊದಲ ಬಿಚ್ಚಿದಿ. ಈಗ ಹೋಗು, ಮೊದಲ ಕುಂಡ್ರು, ಕೇಳು."

ಮೂವರೂ ಬೋರಾಮಣಿಯ ಹಾದಿ ಹಿಡಿದರು. ರಸ್ತೆ ಬಿಟ್ಟು ಹುಲ್ಲಿನ ಮಾಳದಲ್ಲಿ ನಡೆಯುತ್ತ ಹೋದರೆ, ಬಿಸಿಲು ನೆತ್ತಿಗೆ ಬಂದು ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಹಾಕಿಕೊಂಡು ನಿಂತಿದ್ದವು. ಬೇವಿನ ಮರದ ಕೆಳಗೆ ಕರಿಯ ಕಂಬಳಿ ಹಾಸಿ ಅಣ್ಣಾರಾಯ ಕೂತಿದ್ದ. ಪಕ್ಕದಲ್ಲಿ ಸೋಮು. ಅವನ ಮೀನಖಂಡಕ್ಕೆ ಹಳದಿ ಮೆತ್ತಿದ ಬಟ್ಟೆ ಸುತ್ತಿತ್ತು. ಛಾಯಾ ಗಂಡನ ಕಾಲು ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ಅಣ್ಣಾರಾಯ ಸಾರಿಕಾಳ ಕಡೆ ನೋಡಲಿಲ್ಲ. ಹೆಂಡತಿಗೆ ಕೇಳಿದ: "ಇವರ್ಯಾರು?"

"ನಾನೇರಿ ಕಾಕಾ, ಆ ಚಿತ್ರ ಕಳಿಸಿದಾಕಿ," ಅಂದಳು ಸಾರಿಕಾ. ಚಪ್ಪಲಿ ಕಳಚಿ ಕಂಬಳಿಯ ಆಚೆ ನೆಲದ ಮೇಲೇ ಕೂತಳು. "ತಪ್ಪ ಆಗೇದ. ಭಂಡಾರದ ಮ್ಯಾಲ ನಾ ಕಾಟ ಹೊಡೀಬಾರದಿತ್ತು. ನಿಮ್ಮ ಮುಂದ ಕುಂತು ಹೇಳ್ಬೇಕಂತ ಬಂದೀನಿ."

ಅಣ್ಣಾರಾಯ ಬೈಯಲು ಸಿದ್ಧನಾಗಿ ಕೂತಿದ್ದ. ಎದುರಿನವಳೇ ತಪ್ಪು ಅಂದಾಗ ಬೈಗುಳಕ್ಕೆ ಜಾಗವೇ ಉಳಿಯಲಿಲ್ಲ. ಸ್ವಲ್ಪ ಸರಿದು, "ಕಂಬಳಿ ಮ್ಯಾಲ ಕುಂಡ್ರಿ ಬಾಯಾರ, ಮುಳ್ಳ ಅದಾವ," ಅಂತ ಹೊರಗಿನ ಹೆಂಗಸರಿಗೆ ಕೊಡುವ ಮರ್ಯಾದೆಯಲ್ಲಿ ಅಂದ. ಸೋಮವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ಸಾರಿಕಾಳ ನಾಲಿಗೆಯ ತುದಿಯಲ್ಲಿ ರೋಗ, ಸೂಜಿ, ಸಾವು ಎಲ್ಲವೂ ನಿಂತಿದ್ದವು. ನುಂಗಿಕೊಂಡು ಕೇಳಿದಳು: "ಕಾಕಾ, ಕುರಿಗಿ ಮಳಿಗಾಲದ ಮೊದಲ ಸೂಜಿ ಹಾಕಸ್ತೀರೇನ್ರಿ?"

"ಹಾಕಸ್ದೆ ಬಿಡ್ತೀವೇನು? ಒಂದ ವರ್ಷ ಬಿಟ್ರ ಹಟ್ಟಿನೇ ಖಾಲಿ ಆಗ್ತದ."

"ಅವತ್ತ ಭಂಡಾರ ಹಚ್ಚೂದಿಲ್ಲೇನ್ರಿ?"

"ಯಾಕ ಹಚ್ಚೂದಿಲ್ಲ?" ಅಣ್ಣಾರಾಯನಿಗೆ ಈ ಪ್ರಶ್ನೆಯೇ ವಿಚಿತ್ರ ಅನಿಸಿತು. "ಮೊದಲ ಟಗರಿನ ಹಣಿಗಿ ಭಂಡಾರ. ಬೀರೋಬಾಗ ಕೈ ಮುಗಿಯೂದು. ಆಮ್ಯಾಲ ಸೂಜಿ. ಭಂಡಾರದ ಜಾಗಾ ಭಂಡಾರಕ್ಕ, ಸೂಜಿ ಜಾಗಾ ಸೂಜಿಗಿ. ಇದ್ರಾಗ ಕೇಳೂದೇನದ?"

ಅಣ್ಣಾರಾಯ ತಾನೇ ಹೇಳಿದ ಮಾತನ್ನು ತಾನೇ ಕೇಳಿಸಿಕೊಂಡವನ ಹಾಗೆ ಮಗನ ಕಾಲಿನ ಕಡೆ ತಿರುಗಿ ನೋಡಿದ. ಕುರಿಗೆ ಹಣೆಗೆ ಹಚ್ಚುವ ಭಂಡಾರ ಮಗನಿಗೆ ಗಾಯಕ್ಕೆ ಹಚ್ಚಿತ್ತು. ಕುರಿಗೆ ಹಾಕಿಸುವ ಸೂಜಿ ಮಗನಿಗೆ ಹಾಕಿಸಿರಲಿಲ್ಲ.

"ಮನಿ ನಾಯಿರಿ ಅದು," ಅಂದ. ಈ ಸಲ ದನಿಯಲ್ಲಿ ಮೊದಲಿನ ಬಿಗುವು ಇರಲಿಲ್ಲ.

ಛಾಯಾ ಮೆಲ್ಲಗೆ ಅಂದಳು: "ನಾಯಿ ನಮ್ಮದೇ ಖರೆ ಮಾಮಾ. ರೋಗ ನಮ್ಮದಲ್ಲ. ಎಲ್ಲಿಂದೋ ಬಂದ ಬ್ಯಾರೆ ನಾಯಿ, ನರಿ ಕಾಳ್ಯಾಗ ಕಡದಿದ್ರ ಅವಗೂ ರೋಗ ಹತ್ತಿರ್ತದ. ಕಾಳ್ಯಾ ಎಂದಾದ್ರೂ ನಿಮ್ಮ ಕೈಯಾಗಿನ ಭಾಕ್ರಿ ಬಿಟ್ಟು ಹೋಗ್ಯಾನೇನು? ಅವಗ ಏನೋ ಆಗೇದ."

ಕಾಳ್ಯಾನನ್ನು ಮರಿಯಿಂದ ಸಾಕಿದವನು ಅಣ್ಣಾರಾಯ. ಅವನ ಮುಖ ಸಣ್ಣದಾಯಿತು. ಎದ್ದು ನಿಂತು ಕಂಬಳಿ ಹೆಗಲಿಗೆ ಹಾಕಿಕೊಂಡ.

"ಸೋಮು, ಏಳೋ. ದವಾಖಾನಿಗಿ ನಡಿ."

"ಮೊದಲ ಗಾಯ ತೊಳೀರಿ," ಅಂದಳು ಸಾರಿಕಾ. ಈಗ ಅವಳ ಬಾಯಿ ಬಿಚ್ಚಿತು. "ಹೊತ್ತ ಆದ್ರೂ ತೊಳೀಬೇಕು. ಹರಿಯೂ ನೀರ, ಸಾಬಾಣ, ಕಾಲು ತಾಸ ಬಿಡದಂಗ. ಖಾರಪುಡಿ, ಸುಣ್ಣ, ಎಣ್ಣಿ ಏನೂ ಬ್ಯಾಡ."

ಕೊಡದ ನೀರು, ಬಟ್ಟೆ ಒಗೆಯುವ ಸಾಬಾಣ. ಛಾಯಾ ನೀರು ಹಾಕಿದಳು, ಸೋಮು ಹಲ್ಲು ಕಚ್ಚಿ ತೊಳೆದುಕೊಂಡ. ಸೋಮವ್ವ ಗಂಟಿನಿಂದ ಚಿಟಿಕೆ ಭಂಡಾರ ತೆಗೆದು ಮಗನ ಹಣೆಗೆ ಹಚ್ಚಿದಳು. ಯಾರೂ ಬೇಡ ಅನ್ನಲಿಲ್ಲ.

ಸೋಲಾಪುರದ ಸರಕಾರಿ ದವಾಖಾನೆಯಲ್ಲಿ ಸೋಮುಗೆ ಅವತ್ತೇ ಮೊದಲ ಸೂಜಿ ಆಯಿತು. ಹಲ್ಲು ಆಳಕ್ಕೆ ಇಳಿದಿದ್ದರಿಂದ ಗಾಯದ ಸುತ್ತಲೂ ಬೇರೆ ಔಷಧ ಹಾಕಿದರು. ಮುಂದಿನ ಸೂಜಿಗಳ ದಿನ ಬರೆದುಕೊಟ್ಟು, ಒಂದನ್ನೂ ತಪ್ಪಿಸಬೇಡ ಅಂದರು. ಹೊರಗೆ ಬಂದ ಮಗನ ಹೊಟ್ಟೆಯನ್ನು ಸೋಮವ್ವ ಅಂಗಿ ಎತ್ತಿ ನೋಡಿದಳು. ಅಲ್ಲಿ ಏನೂ ಇಲ್ಲದ್ದು ಕಂಡು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಜೋರಾಗಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮುಂದಿನ ವಾರ ಸಾರಿಕಾ ವಾಗದರಿಗೆ ಹೋದಳು. ಈ ಸಲ ಚಿತ್ರ ಮಾಡಿಕೊಂಡು ಹೋಗಲಿಲ್ಲ, ಪ್ರಶ್ನೆ ಇಟ್ಟುಕೊಂಡು ಹೋದಳು. ಸೋಮವ್ವನ ಅಂಗಳದಲ್ಲಿ ಚಹಾ ಕುಡಿಯುತ್ತ ಕೇಳಿದಳು: "ಕಾಕು, ಹಟ್ಟಿಯವರು ಫೋನ್ ಯಾವಾಗ ನೋಡ್ತಾರ್ರಿ?"

"ನೀ ಕಳಸೂ ಹೊತ್ತಿನ್ಯಾಗಂತೂ ನೋಡೂದಿಲ್ಲ," ಸೋಮವ್ವ ಕಡ್ಡಿ ಮುರಿದಂತೆ ಹೇಳಿದಳು. "ಮುಂಜಾನಿ ಹಟ್ಟಿ ಬಿಡೂ ಗಡಿಬಿಡಿ. ಮಧ್ಯಾಹ್ನ ಕುರಿ ನೆಳ್ಳಿಗಿ ನಿಂತಾವಂದ್ರ ಕಾಯವ್ರೂ ಕುಂಡ್ರತಾರ. ಅವಾಗ ಸುರು ಆಗ್ತದ ನೋಡು ಫೋನ್."

"ನನ್ನ ರೀಲ್ಸ್ ಯಾಕ ನೋಡಲಿಲ್ಲ?"

ಛಾಯಾ ನಕ್ಕಳು. "ಮಾಳಿನ್ಯಾಗ ರೇಂಜ್ ಕಮ್ಮಿರಿ ಮೇಡಮ್, ಅದು ಚಾಲೂನೇ ಆಗೂದಿಲ್ಲ, ಸುಮ್ಮ ಗರಗರ ಸುತ್ತತದ. ಮತ್ತ ನಿಮ್ಮ ಮರಾಠಿ ಪೋಸ್ಟರ್ ಹುಡುಗೂರು ಓದ್ತಾರ, ದೊಡ್ಡವರಿಗಿ ಓದಾಕ ಬರೂದಿಲ್ಲ. ಕನ್ನಡದಾಗ ಬರದ್ರ ದೊಡ್ಡವರಿಗೂ ಬರೂದಿಲ್ಲ, ಹುಡುಗೂರಿಗೂ ಬರೂದಿಲ್ಲ. ನಾನೂ ಮರಾಠಿ ಸಾಲಿ ಕಲತಾಕಿ."

ಸಾರಿಕಾನೂ ಮರಾಠಿ ಶಾಲೆಯವಳೇ. ಮನೆಯಲ್ಲಿ ಕನ್ನಡ, ಪಾಟಿಯ ಮೇಲೆ ಮರಾಠಿ. ಇಲ್ಲಿಯ ಕನ್ನಡ ಕಿವಿಯಲ್ಲಿ ಇದೆ, ಕಣ್ಣಲ್ಲಿ ಇಲ್ಲ. ಇದು ಅವಳಿಗೆ ಯಾವತ್ತಿನಿಂದಲೂ ಗೊತ್ತಿದ್ದ ಸಂಗತಿ. ಪೋಸ್ಟರು ಮಾಡುವಾಗ ಮಾತ್ರ ನೆನಪಾಗಿರಲಿಲ್ಲ. ಹಾಗಾದರೆ ಬರೆಯುವುದೇ ಬೇಡ, ಮಾತಾಡಿ ಕಳಿಸೋಣ ಅಂದಳು. ದನಿ ಹಗುರ, ಮಾಳದಲ್ಲೂ ಬರುತ್ತದೆ, ಒಂದು ನಿಮಿಷದೊಳಗೆ ಮುಗಿಯುತ್ತದೆ.

ಮೊದಲು ತಾನೇ ಮಾತಾಡಿ ರೆಕಾರ್ಡ್ ಮಾಡಿದಳು. ಯಾರಿಗೂ ಕಳಿಸದೆ ಸೋಮವ್ವನಿಗೆ ಕೇಳಿಸಿದಳು.

"ಏನ ತಿಳೀತ್ರಿ ಕಾಕು?"

"ನಿನ್ನ ಧ್ವನಿ ಛಂದ ಅದ. ರೇಡಿಯೋದಾಗ ಬಂದಂಗ ಬರ್ತದ."

"ಧ್ವನಿ ಬಿಡ್ರಿ. ನಾಯಿ ಕಡದ್ರ ಏನ ಮಾಡ್ಬೇಕಂತ ತಿಳೀತು?"

"ತೊಳ್ಕೊಂಡು ದವಾಖಾನಿಗಿ ಹೋಗ್ಬೇಕು."

"ಯಾವಾಗ?"

"ಗಾಯ ಮಾಯ್ಲಿಲ್ಲಂದ್ರ."

ಸಾರಿಕಾ ಹಣೆ ಹಣೆ ಚಚ್ಚಿಕೊಂಡಳು. ಆದರೆ ಈ ಸಲ ಸಿಟ್ಟು ತನ್ನ ಮೇಲೇ. 'ಅವತ್ತೇ' ಅನ್ನುವ ಒಂದು ಮಾತನ್ನು ಅವಳು ಎಲ್ಲೂ ಹೇಳಿರಲಿಲ್ಲ. ಗಾಯ ಸಣ್ಣದಿರಲಿ ದೊಡ್ಡದಿರಲಿ, ಬರೀ ಪರಚಿರಲಿ, ಅವತ್ತೇ ಹೋಗಬೇಕು ಅಂತ ಸೇರಿಸಿದಳು. ಮತ್ತೆ ಕೇಳಿಸಿದಳು. ಸೂಜಿ ಒಂದೇ ಸಾಕು ಅಂತ ಸೋಮವ್ವ ತಿಳಿದುಕೊಂಡಳು. ಹೇಳಿದ ದಿನ ಹೋಗಿ ಎಲ್ಲ ಸೂಜಿ ಮುಗಿಸಬೇಕು ಅಂತ ಅದನ್ನೂ ಸೇರಿಸಿದಳು. ಸಂಸ್ಥೆಯ ಹೆಸರು, ದಿನಾಚರಣೆಯ ಹೆಸರು, ನಾಯಿ ಸಾಕುವ ಹತ್ತು ಬುದ್ಧಿವಾದ, ಎಲ್ಲ ಕಿತ್ತು ಹಾಕಿದಳು. ನಾಯಿಗೆ ಸೂಜಿ ಹಾಕಿಸುವ ಮಾತು ಬಹಳ ಮುಖ್ಯ, ಆದರೆ ಅದಕ್ಕೆ ಇನ್ನೊಂದು ದಿನ ಇನ್ನೊಂದು ದನಿ ಕಳಿಸೋಣ ಅಂತ ಎತ್ತಿಟ್ಟಳು. ಮೂರನೆಯ ಸಲ ಕೇಳಿದಾಗ ಸೋಮವ್ವ ತಡೆಯಿಲ್ಲದೆ ಎಲ್ಲ ಹೇಳಿದಳು.

"ಈಗ ಬರೋಬ್ಬರಿ ಆತು," ಅಂದಳು ಸಾರಿಕಾ.

"ಬರೋಬ್ಬರಿ ಎಲ್ಲಿ ಆತು?" ಸೋಮವ್ವ ಅಂದಳು. "ನಿನ್ನ ದನಿ ಹಟ್ಟಿಯವರಿಗಿ ಗುರತಿಲ್ಲ. ಗುರತಿಲ್ಲದಾಕಿ ಮಾತು ಯಾಕ ಕೇಳ್ತಾರ? ನಮ್ಮ ಮನಿಯವರ ಕೈಲೆ ಹೇಳ್ಸು."

ಅಣ್ಣಾರಾಯ ಊರಿಗೆ ಬಂದಿದ್ದ. ಮೊದಲು ಒಲ್ಲೆ ಅಂದ. ಫೋನಿನ ಮುಂದೆ ಮಾತಾಡುವುದು ಮಂತ್ರಿಗಳ ಕೆಲಸ ಅಂದ. ಸೋಮು ಅಪ್ಪನ ಪಕ್ಕ ಬಂದು ಕೂತ.

"ನಂದೂ ಹೆಸರ ಹೇಳು ಅಪ್ಪಾ, ನಾ ಒಲ್ಲೆ ಅನ್ನೂದಿಲ್ಲ. ಫೋಟೋ ಮಾತ್ರ ಬ್ಯಾಡ."

ಸಾರಿಕಾ ಅದಕ್ಕೆ ಒಪ್ಪಿದಳು. ಯಾರ ಗಾಯ, ಯಾರ ಹೆಸರು ಇದ್ದರೂ ಅವರನ್ನು ಕೇಳದೆ ಕಳಿಸುವುದಿಲ್ಲ ಅಂತ ಮಾತು ಕೊಟ್ಟಳು. ಅಣ್ಣಾರಾಯ ರುಮಾಲು ಸರಿ ಮಾಡಿಕೊಂಡು ಫೋನಿಗೆ ಬಾಯಿ ಹತ್ತಿರ ತಂದ.

"ರಾಮ್ ರಾಮ್. ನಾ ವಾಗದರಿ ಅಣ್ಣಾರಾಯ ಮಾತಾಡಾಕತ್ತೀನಿ. ನನ್ನ ಮಗ ಸೋಮುಗ ಹಟ್ಟಿ ನಾಯಿ ಕಡದಿತ್ತು. ನಾಯಿ ನಿಮ್ಮದೇ ಇರ್ಲಿ, ಹಲ್ಲ ಹತ್ಲಿ, ಉಗರ ಹತ್ಲಿ, ಸಾಬಾಣ ಹಚ್ಚಿ ಹರಿಯೂ ನೀರಾಗ ಕಾಲು ತಾಸ ತೊಳೀರಿ. ಅವತ್ತೇ ದವಾಖಾನಿಗಿ ಹೋಗ್ರಿ. ಸೂಜಿ ತೋಳಿಗಿ ಹಾಕ್ತಾರ, ಹೊಟ್ಟಿಗಲ್ಲ. ಹೇಳಿದ ದಿನಾ ಹೋಗಿ ಎಲ್ಲಾ ಸೂಜಿ ಮುಗಸ್ರಿ. ನೆನಪಿಡ್ರಿ. ಭಂಡಾರ ಹಣಿಗಿ, ಸಾಬಾಣ ಗಾಯಕ್ಕ, ಸೂಜಿ ದವಾಖಾನ್ಯಾಗ."

ಸಾರಿಕಾ ಕೈ ಎತ್ತಿ ಸಾಕು ಅನ್ನುವಳಿದ್ದಳು. ಅಣ್ಣಾರಾಯ ಫೋನು ಕೆಳಗಿಡಲಿಲ್ಲ. ಅವನ ದನಿ ಬೇರೆಯಾಯಿತು.

"ಇನ್ನೊಂದ ಮಾತ ಅದ. ನನಗ ಮಲಕಾಜಪ್ಪ ಅಂತ ತಮ್ಮ ಇದ್ದ. ನಿಮ್ಮೊಳಗ ದೊಡ್ಡವರಿಗಿ ಗೊತ್ತದ. ಅವನಿಗೂ ನಾಯಿ ಕಡದಿತ್ತು. ಗಾಯ ಮಾಯ್ತು, ನಾವ ಮರತ್ವಿ. ಆಮ್ಯಾಲ ಒಂದಿನ ನೀರಿನ ತಂಬಗಿ ಕಂಡು ಚೀರಿದ. ಬಾಯಿ ಒಣಗಿ ನೀರ ನೀರ ಅಂತಿದ್ದ, ತಂದ್ರ ಅಂಜಿ ದೂಡ್ತಿದ್ದ. ನನ್ನ ತೊಡಿ ಮ್ಯಾಲ ಜೀವ ಬಿಟ್ಟ. ಸೂಜಿ ಅದ ಅಂತ ನಮಗ ಯಾರೂ ಹೇಳಿರಲಿಲ್ಲ. ಆಮ್ಯಾಲ ತಿಳೀತು, ಪ್ಯಾಟ್ಯಾಗ ಗ್ವಾಡಿ ಮ್ಯಾಲ ದೊಡ್ಡದಾಗಿ ಬರದಿದ್ರಂತ. ಅದೇ ಗ್ವಾಡಿ ನೆಳ್ಳಾಗ ನಾನೂ ಮಲಕಾಜಪ್ಪನೂ ಕುಂತು ಬುತ್ತಿ ಉಂಡಿದ್ವಿ. ಅಕ್ಷರಕ್ಕ ಬೆನ್ನ ಹಚ್ಚಿ ಕುಂತಿದ್ವಿ. ಓದಿ ಹೇಳವ್ರು ಒಬ್ರೂ ಇರಲಿಲ್ಲ."

ಸೋಮವ್ವ ಗಂಡನ ಕೈಯಿಂದ ಫೋನು ತೆಗೆದುಕೊಂಡು ಸಾರಿಕಾಳಿಗೆ ಕೊಟ್ಟಳು. ಸಾರಿಕಾಳಿಗೆ ತಾನು ಮಾಡಿದ ಪೋಸ್ಟರುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ತಾನೂ ಗೋಡೆಯ ಮೇಲೆ ಬರೆದವಳೇ ಅಂತ ಅವಳಿಗೆ ಅನಿಸಿತು.

"ಕಾಕಾ, ಮಲಕಾಜಪ್ಪನ ಮಾತೂ ಕಳಸಲೇನ್ರಿ?" ಅಂತ ಕೇಳಿದಳು.

"ಕಳಸವ್ವಾ," ಅಂದ ಅಣ್ಣಾರಾಯ. ಹೊರಗಿನ 'ಬಾಯಾರ' ಈಗ ಮನೆಯ 'ಅವ್ವ' ಆಗಿದ್ದಳು. "ಅವನ ಹೆಸರ ಯಾರಿಗರೆ ಉಪಯೋಗ ಆಗ್ಲಿ."

ಸಾರಿಕಾ ಅದನ್ನು ಎರಡು ಮಾಡಿದಳು. ಏನು ಮಾಡಬೇಕು ಅನ್ನುವ ಮಾತು ಮೊದಲ ದಿನ, ಮಲಕಾಜಪ್ಪನ ಮಾತು ಮರುದಿನ. ಎರಡೂ ಮಧ್ಯಾಹ್ನ, ಕುರಿ ನೆರಳಿಗೆ ನಿಲ್ಲುವ ಹೊತ್ತಿಗೆ. ಗ್ರೂಪಿಗೆ ಮೊದಲು ಅಣ್ಣಾರಾಯ ಮರಳಿದ, ಆಮೇಲೆ ಹೋದವರೆಲ್ಲ ಹೋದ ಹಾಗೇ ಸಾಲಾಗಿ ಬಂದರು. ಈ ಸಲ ಗ್ರೂಪು ಮಾತಾಡಿತು. ಬಸುರಿ ಹೆಂಗಸಿಗೆ ನಾಯಿ ಕಡಿದರೆ ಸೂಜಿ ನಡೆಯುತ್ತದಾ ಅಂತ ಒಬ್ಬರು ಕೇಳಿದರು. ನಡೆಯುತ್ತದೆ, ತಡಮಾಡದೆ ಹೋಗಿ ಅಂತ ಛಾಯಾ ಡಾಕ್ಟರರನ್ನು ಕೇಳಿ ದನಿಯಲ್ಲೇ ಉತ್ತರ ಕೊಟ್ಟಳು. ಕಡಿದ ನಾಯಿ ಚೆನ್ನಾಗಿಯೇ ಇದೆ, ಕಾದು ನೋಡಲೇ ಅಂತ ಭೀಮಣ್ಣ ಅನ್ನುವ ಕುರಿಗಾರ ಕೇಳಿದ. ನಾಯಿಯ ಮೇಲೆ ಕಣ್ಣಿಡು, ಆದರೆ ನೀನು ಕಾಯಬೇಡ, ಇವತ್ತೇ ಹೋಗು ಅಂದಳು. ಅವನು ಹೋದ. ಗೊತ್ತಿಲ್ಲದ್ದನ್ನು ಛಾಯಾ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಳು, ಹಾಗೇ ಕೇಳಿ ಹೇಳಿದಳು. ನಾಯಿಗಳಿಗೆ ಸೂಜಿ ಹಾಕಿಸುವ ದನಿ ಹೋದಾಗ ಹಟ್ಟಿಯ ಮಂದಿಯೇ ಪಶು ಡಾಕ್ಟರರನ್ನು ಮಾಳಕ್ಕೆ ಕರೆಸಿದರು.

ಲೈಕ್ ಎಷ್ಟು ಬಂತು ಅಂತ ಸಾರಿಕಾ ಈಗ ನೋಡುವುದಿಲ್ಲ. ನಾಯಿ ಕಡಿದ ದಿನವೇ ಎಷ್ಟು ಜನ ಬಂದರು, ಸೂಜಿ ನಡುವೆ ಬಿಟ್ಟವರು ಯಾರು ಅಂತ ಛಾಯಾಳನ್ನು ಕೇಳುತ್ತಾಳೆ. ಬಿಟ್ಟವರಿಗೆ ಅಣ್ಣಾರಾಯ ಫೋನು ಮಾಡುತ್ತಾನೆ. ಅವನ ಫೋನು ಬಂದರೆ ಯಾರೂ ಕಟ್ ಮಾಡುವುದಿಲ್ಲ.

ಸೋಮು ಎಲ್ಲ ಸೂಜಿ ಮುಗಿಸಿದ. ಕಾಲಿನ ಮೇಲೆ ಈಗ ಕಲೆ ಇದೆ, ಅವನು ಕುರಿಗಳ ಹಿಂದೆ ಇದ್ದಾನೆ. ಕಳೆದ ತಿಂಗಳು ದವಾಖಾನೆಯಲ್ಲಿ ಛಾಯಾಳಿಗೆ ಒಬ್ಬ ಹೆಂಗಸು ಸಿಕ್ಕಳು. ದೂರದ ಹುಲಜಂತಿಯ ಕಡೆಯವಳು, ಸಮೀಪದ ಮಾಳದಲ್ಲಿ ಹಟ್ಟಿ ಹಾಕಿದವರ ಪೈಕಿ, ಮುಖ ಪರಿಚಯವೂ ಇಲ್ಲ. ನಾಯಿ ಪರಚಿದ ಕೈ ತೊಳೆದು, ಸೀರೆಯ ಸೆರಗು ಇನ್ನೂ ಒದ್ದೆ ಇರುವಾಗಲೇ ಓಡಿ ಬಂದಿದ್ದಳು.

"ಯಾರ ಹೇಳಿದ್ರವ್ವಾ ನಿನಗ, ಹೀಂಗ ಮಾಡಂತ?" ಛಾಯಾ ಕೇಳಿದಳು.

"ಅಣ್ಣಾರಾಯ ಮಾಮಾ," ಅಂದಳು ಅವಳು. "ನಾ ಅವರ್ನ ನೋಡಿಲ್ಲ. ದನಿ ಕೇಳೀನಿ."

ಓದುವ, ಕೇಳುವ ಬಂಧುಗಳೇ, ನಿಮ್ಮ ಕೈಯಲ್ಲೂ ಫೋನಿದೆ. ನೀವು ಆಶಾ ಕಾರ್ಯಕರ್ತೆ ಇರಬಹುದು, ಬಚತ್ ಗಟ ಅನ್ನುವ ಸ್ವಸಹಾಯ ಸಂಘದ ಅಕ್ಕ ಇರಬಹುದು, ಊರ ಗ್ರೂಪಿನ ಅಡ್ಮಿನ್ ಇರಬಹುದು. ಆರೋಗ್ಯದ ಮಾತು ಕಳಿಸುವ ಮೊದಲು ಒಂದು ಗಳಿಗೆ ನಿಲ್ಲಿ. ಇದು ಯಾರಿಗೆ? ಅವರು ಯಾವ ಮಾತಿನಲ್ಲಿ ಕೇಳುತ್ತಾರೆ, ಯಾವ ಹೊತ್ತಿನಲ್ಲಿ, ಯಾರ ದನಿಯಲ್ಲಿ? ಅವರು ನಂಬಿದ್ದನ್ನು ಹಂಗಿಸಬೇಡಿ, ಅದರ ಪಕ್ಕದಲ್ಲೇ ನಿಮ್ಮ ಮಾತಿಗೂ ಜಾಗ ಕೇಳಿ. ಡಾಕ್ಟರರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಯಾರಾದರೂ ತಿರುಗಿ ಪ್ರಶ್ನೆ ಕೇಳಿದರೆ ಉತ್ತರ ಕೊಡಿ.

ನಾಯಿ ಕಡಿದರೆ ಸಾಬಾಣ ಹಚ್ಚಿ ತೊಳೆಯಿರಿ, ಅವತ್ತೇ ದವಾಖಾನೆಗೆ ಹೋಗಿ, ಸೂಜಿ ಎಲ್ಲ ಮುಗಿಸಿ. ಇದನ್ನು ಇವತ್ತು ನಿಮ್ಮ ಮಾತಿನಲ್ಲಿ, ನಿಮ್ಮ ಮನೆಯ ಹಿರಿಯರೊಬ್ಬರ ದನಿಯಲ್ಲಿ ಹೇಳಿಸಿ. ಕಳಿಸುವ ಮೊದಲು ಓದಲು ಬಾರದ ಒಬ್ಬರನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೇಳಿಸಿ, ಏನು ತಿಳಿಯಿತು ಅಂತ ಕೇಳಿ. ಅವರು ಸರಿಯಾಗಿ ಹೇಳಿದ ಮೇಲೆ ಕಳಿಸಿ.